ಕೋನಪ್ಪನ ಅಗ್ರಹಾರದಲ್ಲಿ ಒಂದು ಶನಿವಾರ

ಶನಿವಾರ ಬೆಳಗಿನ ಒಂಬತ್ತು ಗಂಟೆ. ಬೆಂಗಳೂರಿನ ಆರ್.ವಿ. ರಸ್ತೆ ಮೆಟ್ರೊ ನಿಲ್ದಾಣದಲ್ಲಿ ಹಸಿರು ಮಾರ್ಗದ ರೈಲಿನಿಂದ ಇಳಿದ ಜನ ಹಳದಿ ಮಾರ್ಗದ ಕಡೆಗೆ ಸರಸರನೆ ನಡೆಯುತ್ತಿದ್ದಾರೆ. ಹೆಚ್ಚಿನವರ ಬೆನ್ನಿಗೆ ಚೀಲ, ಕೊರಳಿಗೆ ಗುರುತಿನ ಚೀಟಿ, ಕಿವಿಗೆ ಸಿಕ್ಕಿಸಿಕೊಂಡ ತಂತಿ. ಆ ಗುಂಪಿನಲ್ಲಿ ಒಬ್ಬ ತಂದೆ, ಒಬ್ಬ ಮಗಳು. ತಂದೆಗೆ ಐವತ್ತು ದಾಟಿದೆ. ಮಗಳಿಗೆ ಇಪ್ಪತ್ತೊಂದು, ಎಂಜಿನಿಯರಿಂಗ್ ಕೊನೆಯ ವರ್ಷ. ಅವಳ ಚೀಲದಲ್ಲಿ ಎರಡು ನೇಮಕಾತಿ ಪತ್ರಗಳಿವೆ. ಒಂದು, ಲಕ್ಷಾಂತರ ಜನರಿಗೆ ಕೆಲಸ ಕೊಟ್ಟಿರುವ ದೊಡ್ಡ ಕಂಪೆನಿಯದು. ಇನ್ನೊಂದು, ಮೂವತ್ತೈದೇ ಜನರಿರುವ, ಹುಟ್ಟಿ ಎರಡು ವರ್ಷವಾದ ಕಂಪೆನಿಯದು. ಯಾವುದಕ್ಕೆ ಒಪ್ಪಿಗೆ ಎಂಬುದನ್ನು ಸೋಮವಾರದೊಳಗೆ ತಿಳಿಸಬೇಕು.

ಮನೆಯಲ್ಲಿ ಈ ವಿಷಯ ಎಂಟು ದಿನದಿಂದ ಬೇಯುತ್ತಿದೆ. ತಾಯಿಯದು ಒಂದೇ ಮಾತು: ‘ದೊಡ್ಡ ಕಂಪೆನಿಗೇ ಸೇರು.’ ಮಗಳ ಮನಸ್ಸು ಚಿಕ್ಕದರ ಕಡೆಗೆ. ತಂದೆ ಯಾವ ಕಡೆಗೂ ವಾಲಲಿಲ್ಲ. ‘ಶನಿವಾರ ನನ್ನ ಜತೆ ಎಲೆಕ್ಟ್ರಾನಿಕ್ ಸಿಟಿಗೆ ಬಾ. ನಾನು ಕೆಲಸ ಮಾಡಿದ ಜಾಗ ತೋರಿಸುತ್ತೇನೆ. ನೋಡಿದ ಮೇಲೆ ನೀನೇ ಹೇಳು’ ಎಂದರು, ಅಷ್ಟೆ. ಸುಮಾರು ಮೂವತ್ತು ವರ್ಷ ತಂದೆ ದಿನವೂ ಹೋಗಿ ಬಂದ ಊರನ್ನು ಮಗಳು ಸರಿಯಾಗಿ ನೋಡಿಯೇ ಇರಲಿಲ್ಲ. ನಮ್ಮಲ್ಲಿ ಎಷ್ಟು ಮಕ್ಕಳು ಅಪ್ಪನ ಕಚೇರಿ ನೋಡಿದ್ದಾರೆ?

ಹೊಸೂರು ರಸ್ತೆಯ ಮೂರು ಕಾಲ

ರೈಲು ರಾಗಿಗುಡ್ಡ, ಜಯದೇವ, ಬಿಟಿಎಂ ಬಡಾವಣೆ ದಾಟಿ ಸಿಲ್ಕ್ ಬೋರ್ಡ್ ಹತ್ತಿರ ಬಂದಾಗ ಕೆಳಗೆ ವಾಹನಗಳ ಸಾಲು ಕಾಣುತ್ತದೆ. ಕೇಂದ್ರ ರೇಷ್ಮೆ ಮಂಡಳಿಯ ಕಚೇರಿಯಿಂದ ಈ ವೃತ್ತಕ್ಕೆ ಬಂದ ಹೆಸರು ಇದು. ರೇಷ್ಮೆಗಿಂತ ವಾಹನ ದಟ್ಟಣೆಗೇ ಅದು ಪ್ರಸಿದ್ಧವಾದದ್ದು ಬೇರೆ ಮಾತು.

ಮಗಳು ಕಿಟಕಿಯಿಂದ ನೋಡುತ್ತಿದ್ದರೆ ತಂದೆಗೆ ನೆನಪಾಗುವುದು 1996ರ ಇದೇ ರಸ್ತೆ. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದು ಮುಗಿಸಿ, ಅರಸೀಕೆರೆ ಸೀಮೆಯ ಹಳ್ಳಿಯಿಂದ ಕಬ್ಬಿಣದ ಟ್ರಂಕು ಹಿಡಿದು ಬಂದವರು ಅವರು. ಆಗ ನಗರದಲ್ಲಿ ಓಡುತ್ತಿದ್ದುದು ಬಿಟಿಎಸ್ ಬಸ್ಸುಗಳು. ಬಿಎಂಟಿಸಿ ಎಂಬ ಹೆಸರು ಬಂದದ್ದು 1997ರಲ್ಲಿ. ಮಾರುಕಟ್ಟೆಯಲ್ಲಿ ಬಸ್ಸು ಹತ್ತಿದರೆ ಹೊಸೂರು ಕಡೆಯಿಂದ ಬರುವ ತರಕಾರಿ ಲಾರಿಗಳ ಎದುರು ಸಾಗಬೇಕು. ಬೊಮ್ಮನಹಳ್ಳಿ ದಾಟಿದರೆ ಊರು ಮುಗಿಯಿತು ಎನಿಸುತ್ತಿತ್ತು. ಆಮೇಲೆ ನೀಲಗಿರಿ ತೋಪು, ಹೊಲ, ಅಲ್ಲೊಂದು ಇಲ್ಲೊಂದು ಕಾರ್ಖಾನೆ.

ಕಂಪೆನಿಗಳು ಬೆಳೆದಂತೆ ರಸ್ತೆ ಕುಗ್ಗಿತು! ಹತ್ತು ಕಿಲೋಮೀಟರಿಗೆ ಎರಡು ಗಂಟೆ ಹಿಡಿದ ದಿನಗಳೂ ಇವೆ. 2010ರ ಜನವರಿಯಲ್ಲಿ ಸುಮಾರು ಹತ್ತು ಕಿಲೋಮೀಟರು ಉದ್ದದ ಎತ್ತರಿಸಿದ ಹೆದ್ದಾರಿ ತೆರೆಯಿತು. ಸುಂಕ ಕೊಟ್ಟವರು ಮೇಲೆ, ಕೊಡದವರು ಕೆಳಗೆ. ಹಳದಿ ಮಾರ್ಗದ ಮೆಟ್ರೊ ಬಂದದ್ದು 2025ರ ಆಗಸ್ಟ್‌ನಲ್ಲಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಸುಮಾರು 19 ಕಿಲೋಮೀಟರು, 16 ನಿಲ್ದಾಣ. ‘ಮೂವತ್ತು ವರ್ಷದ ನನ್ನ ಸೇವೆಯಲ್ಲಿ ನಾಲ್ಕೈದು ವರ್ಷ ಈ ರಸ್ತೆಯ ಮೇಲೇ ಕಳೆದಿರಬೇಕು’ ಎಂದು ತಂದೆ ನಗುತ್ತಾರೆ. ಲೆಕ್ಕ ಹಾಕಿದರೆ ಅದು ತಮಾಷೆಯ ಮಾತೇನೂ ಅಲ್ಲ. ದಿನಕ್ಕೆ ಮೂರು ಗಂಟೆ ಎಂದರೂ ಎಚ್ಚರವಿರುವ ಹೊತ್ತಿನಲ್ಲಿ ಐದನೆಯ ಒಂದು ಪಾಲು! ಕೆಲಸಕ್ಕೆ ಸೇರುವವರು ಸಂಬಳದ ಜತೆಗೆ ಈ ಲೆಕ್ಕವನ್ನೂ ಹಾಕಬೇಕು ಎಂಬುದು ಅಂದು ಮಗಳಿಗೆ ಸಿಕ್ಕ ಮೊದಲ ಪಾಠ.

ರಾಗಿ ಬೆಳೆದ ನೆಲದಲ್ಲಿ

ಕೋನಪ್ಪನ ಅಗ್ರಹಾರ ನಿಲ್ದಾಣದಲ್ಲಿ ಇಳಿದರೆ ಕಣ್ಣಿಗೆ ಬೀಳುವುದು ಗಾಜಿನ ಕಟ್ಟಡಗಳು. ಇನ್ಫೋಸಿಸ್ ಆವರಣದ ಗಾಜಿನ ಪಿರಮಿಡ್ಡಂತೂ ಚಿತ್ರಗಳಲ್ಲಿ ಎಲ್ಲರೂ ನೋಡಿರುವುದೇ. ಆದರೆ ಊರಿನ ಹೆಸರಿನಲ್ಲಿ ಇನ್ನೂ ಅಗ್ರಹಾರ ಉಳಿದಿದೆ. ಪಕ್ಕದ್ದು ದೊಡ್ಡತೋಗೂರು. ಈ ಎರಡು ಹಳ್ಳಿಗಳ 332 ಎಕರೆ ಜಮೀನಿನಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಬಿದ್ದದ್ದು 1978ರಲ್ಲಿ. ಹಾಕಿದ್ದು ಕರ್ನಾಟಕ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ. ಅದರ ಹಿಂದಿದ್ದ ಕನಸುಗಾರ ಆರ್.ಕೆ. ಬಾಳಿಗ. ಬೆಂಗಳೂರನ್ನು ಭಾರತದ ಸಿಲಿಕಾನ್ ಕಣಿವೆ ಮಾಡಬೇಕೆಂದು ಅವರು ಹೊರಟಾಗ, ಮನೆಗೊಂದು ದೂರವಾಣಿ ಬೇಕೆಂದರೆ ವರ್ಷಗಟ್ಟಲೆ ಕಾಯಬೇಕಾದ ಕಾಲ. ಬಾಳಿಗರು 1988ರಲ್ಲೇ ತೀರಿಕೊಂಡರು. ತಾವು ನೆಟ್ಟ ಮರ ಹೀಗೆ ಹೆಮ್ಮರವಾದದ್ದನ್ನು ಅವರು ನೋಡಲಿಲ್ಲ.

ಎಲ್ಲ ಬಿಟ್ಟು ಬೆಂಗಳೂರೇ ಏಕೆ? ಉತ್ತರಕ್ಕೆ ಇನ್ನೂ ಹಿಂದೆ ಹೋಗಬೇಕು. 1909ರಲ್ಲಿ ಟಾಟಾ ವಿಜ್ಞಾನ ಸಂಸ್ಥೆ, 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಹೀಗೆ ಒಂದರ ಹಿಂದೆ ಒಂದು ಸಂಸ್ಥೆ ಇಲ್ಲಿಗೆ ಬಂದವು. ಯಂತ್ರ ಬಲ್ಲ, ಲೆಕ್ಕ ಬಲ್ಲ ಕೈಗಳು ತಯಾರಾದವು. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂತು. ಉಪಗ್ರಹದ ಮೂಲಕ ಕೆಲಸವನ್ನು ಸಾಗರದಾಚೆಗೆ ಕಳಿಸಬಹುದು ಎಂಬುದನ್ನು ತೋರಿಸಿಕೊಟ್ಟಿತು. 1991ರಲ್ಲಿ ಆರ್ಥಿಕ ನೀತಿ ಬದಲಾಯಿತು. ತಂತ್ರಾಂಶ ಪಾರ್ಕಿನ ಯೋಜನೆಯೂ ಬಂತು. ಅಲ್ಲಿಯವರೆಗೆ ಒಂದು ಕಂಪ್ಯೂಟರ್ ತರಿಸಲು ಪರವಾನಗಿಗಾಗಿ ದೆಹಲಿಗೆ ಅಲೆಯುತ್ತಿದ್ದವರು ನಿಟ್ಟುಸಿರು ಬಿಟ್ಟರು.

ಇನ್ಫೋಸಿಸ್‌ನದು ಎಲ್ಲರಿಗೂ ಗೊತ್ತಿರುವ ಕತೆ. 1981ರಲ್ಲಿ ಪುಣೆಯಲ್ಲಿ ಏಳು ಎಂಜಿನಿಯರುಗಳು ಶುರು ಮಾಡಿದರು. ಮೈಸೂರಿನ ಎನ್‌ಐಇ ಕಾಲೇಜಿನಲ್ಲಿ ಓದಿದ ಎನ್.ಆರ್. ನಾರಾಯಣಮೂರ್ತಿಯವರಿಗೆ ಪತ್ನಿ ಸುಧಾ ಮೂರ್ತಿ ಕೊಟ್ಟ ಹತ್ತು ಸಾವಿರ ರೂಪಾಯಿಯೇ ಆರಂಭದ ಬಂಡವಾಳ. 1983ರಲ್ಲಿ ಬೆಂಗಳೂರಿಗೆ ಬಂದ ಕಂಪೆನಿ 1993ರಲ್ಲಿ ಷೇರುಪೇಟೆಗೆ ಇಳಿಯಿತು. 1999ರಲ್ಲಿ ಅಮೆರಿಕದ ನಾಸ್ಡಾಕ್ ಪಟ್ಟಿಗೆ ಸೇರಿತು. ಭಾರತದಲ್ಲಿ ನೋಂದಾಯಿತವಾದ ಕಂಪೆನಿಯೊಂದು ಅಲ್ಲಿಗೆ ಸೇರಿದ್ದು ಅದೇ ಮೊದಲು. ಈಗ ಅಲ್ಲಿನ ನೌಕರರ ಸಂಖ್ಯೆ ಮೂರು ಲಕ್ಷ ದಾಟಿದೆ.

ಆದರೆ ಎಲೆಕ್ಟ್ರಾನಿಕ್ ಸಿಟಿ ಎಂದರೆ ಅದೊಂದೇ ಕಂಪೆನಿಯಲ್ಲ. ಹೆಸರು ಪತ್ರಿಕೆಗಳಲ್ಲಿ ಬಾರದ ನೂರಾರು ಕಂಪೆನಿಗಳು ಇಲ್ಲಿ ಹುಟ್ಟಿದವು. ಕೆಲವು ಬೆಳೆದವು, ಕೆಲವು ಮಾರಾಟವಾದವು, ಕೆಲವು ಒಂದು ಮಳೆಗಾಲವನ್ನೂ ಕಾಣದೆ ಹೋದವು. ತಂದೆ ಸೇರಿದ್ದು ಅಂಥ ನೂರರಲ್ಲೊಂದು.

ಐವತ್ತೆಂಟನೆಯ ಕುರ್ಚಿ

ಅಗಲವಾದ ರಸ್ತೆ ಬಿಟ್ಟು ಒಳಗಿನ ಅಡ್ಡರಸ್ತೆಗೆ ತಿರುಗಿದರೆ ಹಳೆಯ ಎರಡಂತಸ್ತಿನ ಕಟ್ಟಡವೊಂದಿದೆ. ಗಾಜಿಲ್ಲ, ಮಿನುಗಿಲ್ಲ. ಗಾರೆ ಗೋಡೆ, ಕಬ್ಬಿಣದ ಕಿಟಕಿ, ಮುಂದೊಂದು ಹೊಂಗೆ ಮರ. ತಂದೆ ಅಲ್ಲಿ ನಿಂತರು.

‘ಇದೇ.’

‘ಇಷ್ಟೇನಾ ಅಪ್ಪ?’

‘ಇಷ್ಟೇ. ಮೇಲಿನ ಅಂತಸ್ತು ನಮ್ಮದು. ನಾನು ಬಂದಾಗ ಐವತ್ತೇಳು ಜನ ಇದ್ದರು. ಮೊದಲ ದಿನ ನನಗೆ ಕೊಟ್ಟ ಕೆಲಸ ಏನು ಗೊತ್ತಾ? ಲಾರಿಯಿಂದ ಕುರ್ಚಿ ಇಳಿಸಿ ಮೇಲಕ್ಕೆ ಹೊರುವುದು. ಐವತ್ತೆಂಟನೆಯ ಕುರ್ಚಿ ನಾನೇ ಹೊತ್ತು ತಂದು ಅದರ ಮೇಲೇ ಕೂತೆ!’

ಕಂಪೆನಿ ಕಟ್ಟಿದವರು ನಾಲ್ವರು, ಸರ್ಕಾರಿ ಉದ್ದಿಮೆಗಳ ನೌಕರಿ ಬಿಟ್ಟು ಬಂದವರು. ‘ನಮ್ಮನ್ನು ಸರ್ ಎನ್ನಬೇಡಿ, ಹೆಸರು ಹಿಡಿದು ಕರೆಯಿರಿ’ ಎಂದು ಮೊದಲ ದಿನವೇ ಹೇಳಿದರು. ಮೇಷ್ಟರ ಎದುರು ಕುರ್ಚಿಯಲ್ಲಿ ಕೂರದ ಊರಿನಿಂದ ಬಂದ ಹುಡುಗನಿಗೆ ಅದು ಹೇಗೆ ಸಾಧ್ಯ? ಹೆಸರಿನ ಬದಲು ‘ಹಲೋ’ ಎಂದು ಆರು ತಿಂಗಳು ಕಳೆದದ್ದನ್ನು ಹೇಳಿದಾಗ ಮಗಳು ಬಿದ್ದು ಬಿದ್ದು ನಕ್ಕಳು.

ಆ ಮೇಲಂತಸ್ತಿನಲ್ಲಿ ಕೆಲಸಕ್ಕೆ ಗಡಿಯೇ ಇರಲಿಲ್ಲ. ಬೆಳಿಗ್ಗೆ ಪ್ರೋಗ್ರಾಂ ಬರೆದವನೇ ಮಧ್ಯಾಹ್ನ ಅದನ್ನು ಪರೀಕ್ಷಿಸಬೇಕು, ಸಂಜೆ ಅಮೆರಿಕದ ಗಿರಾಕಿಯೊಡನೆ ಫೋನಿನಲ್ಲಿ ಮಾತಾಡಬೇಕು. ಕರೆಂಟು ಹೋದರೆ ಡೀಸೆಲ್ ಎಂಜಿನ್ ಚಾಲೂ ಮಾಡಬೇಕು. ನ್ಯೂಯಾರ್ಕಿಗಿಂತ ನಮ್ಮ ಗಡಿಯಾರ ಒಂಬತ್ತೂವರೆಯಿಂದ ಹತ್ತೂವರೆ ಗಂಟೆ ಮುಂದಿದೆ. ಅವರು ಮಲಗಿದಾಗ ಇವರು ದುಡಿದರೆ ಬೆಳಗಾಗುವಾಗ ಕೆಲಸ ಮುಗಿದಿರುತ್ತದೆ. ಈ ಉದ್ಯಮದ ಗುಟ್ಟಿನಲ್ಲಿ ಅರ್ಧ ಇಷ್ಟೇ. ಆ ಎರಡು ವರ್ಷದಲ್ಲಿ ಕಲಿತದ್ದನ್ನು ಮುಂದಿನ ಹತ್ತು ವರ್ಷದಲ್ಲಿ ಕಲಿಯಲಿಲ್ಲ ಎನ್ನುತ್ತಾರೆ ತಂದೆ. ಮಗಳ ಕಣ್ಣು ಮಿಂಚಿತು. ತಾನು ಗೆದ್ದೆ ಎಂದುಕೊಂಡಳೋ ಏನೋ!

‘ತಾಳು, ಅರ್ಧ ಕತೆ ಅಷ್ಟೇ ಆಯಿತು’ ಎಂದರು ತಂದೆ. ‘ಅದೇ ಎರಡು ವರ್ಷದಲ್ಲಿ ಎರಡು ಸಲ ಸಂಬಳ ತಡವಾಯಿತು. ಒಮ್ಮೆ ಇಪ್ಪತ್ತು ದಿನ, ಇನ್ನೊಮ್ಮೆ ಒಂದೂವರೆ ತಿಂಗಳು. ಮಡಿವಾಳದ ಕೋಣೆಯಲ್ಲಿ ಮೂವರು ಇದ್ದೆವು. ಬಾಡಿಗೆಗೆ ನಿನ್ನ ಅಜ್ಜ ಕೊಬ್ಬರಿ ಮಾರಿದ ದುಡ್ಡು ಕಳಿಸಿದರು.’

ಬೆಳೆದಾಗ ಆದದ್ದು

ಹಳೆಯ ಕಟ್ಟಡದಿಂದ ಅರ್ಧ ಮೈಲಿ ನಡೆದರೆ ಈಗಿನ ಆವರಣ. ಎತ್ತರದ ಗೋಡೆ, ಕಾವಲುಗಾರರು, ಒಳಗೆ ಹುಲ್ಲುಹಾಸು. ಶನಿವಾರವಾದ್ದರಿಂದ ಒಳಗೆ ಜನ ವಿರಳ. ಮುಂಚೆಯೇ ಅನುಮತಿ ಪಡೆದಿದ್ದರೂ ಮಗಳ ಹೆಸರು ಬರೆಸಿ, ಚಿತ್ರ ತೆಗೆಸಿ, ಚೀಟಿ ಅಂಟಿಸಿಕೊಳ್ಳುವ ಹೊತ್ತಿಗೆ ಕಾಲು ಗಂಟೆ. ಕಾವಲುಗಾರನಿಗೆ ತಂದೆಯ ಪರಿಚಯವಿಲ್ಲ. ಮೂವತ್ತು ವರ್ಷದ ನೌಕರ ತನ್ನ ಚೀಟಿಯನ್ನು ಯಂತ್ರಕ್ಕೆ ತೋರಿಸಿಯೇ ಒಳಗೆ ಹೋಗಬೇಕು.

ಕಂಪೆನಿ ದಿಢೀರನೆ ಬೆಳೆದದ್ದು 1998–99ರಲ್ಲಿ. ಜಗತ್ತಿನ ಹಳೆಯ ಪ್ರೋಗ್ರಾಂಗಳಲ್ಲಿ ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿದ್ದರು. 99 ಆದ ಮೇಲೆ 00 ಬಂದರೆ ಅದು 2000ವೋ 1900ವೋ ಕಂಪ್ಯೂಟರಿಗೆ ತಿಳಿಯದು. ಬ್ಯಾಂಕಿನ ಬಡ್ಡಿ, ವಿಮೆಯ ಲೆಕ್ಕ ಎಲ್ಲ ತಲೆಕೆಳಗಾದೀತು. ಲಕ್ಷಾಂತರ ಸಾಲುಗಳನ್ನು ಒಂದೊಂದಾಗಿ ಓದಿ ತಿದ್ದಬೇಕು. ಅಷ್ಟು ಎಂಜಿನಿಯರುಗಳನ್ನು ಒಟ್ಟಿಗೆ ಕೊಡಬಲ್ಲ ದೇಶಗಳು ಎಷ್ಟಿದ್ದವು? ಕೆಲಸ ಬೆಂಗಳೂರಿಗೆ ಹರಿದು ಬಂತು. ಕುರ್ಚಿ ಬರುವುದಕ್ಕೆ ಮೊದಲೇ ಹುಡುಗರು ಬರುತ್ತಿದ್ದರು.

ಬೆಳವಣಿಗೆಯ ಗುರುತುಗಳನ್ನು ತಂದೆ ಬೆರಳು ಮಡಿಚಿ ಎಣಿಸುತ್ತಾರೆ. ಮೊದಲು ಗುರುತಿನ ಚೀಟಿ ಬಂತು. ಆಮೇಲೆ ಹೆಸರಿನ ಬದಲು ಸಂಖ್ಯೆ ಬಂತು. ಬಾಯಿಮಾತಿನ ರಜೆ ಹೋಗಿ ಅರ್ಜಿ ಬಂತು. ಚಹಾ ತರುವ ಹುಡುಗ ಹೋಗಿ ಚಹಾ ಯಂತ್ರ ಬಂತು. ಕಟ್ಟಿದ ನಾಲ್ವರಲ್ಲಿ ಇಬ್ಬರು ಅಮೆರಿಕಕ್ಕೆ ಹೋದರು. ಮೊದಲು ಅವರೊಡನೆ ಒಂದೇ ಮೇಜಿನಲ್ಲಿ ಬುತ್ತಿ ಬಿಚ್ಚುತ್ತಿದ್ದವರಿಗೆ ಈಗ ವರ್ಷಕ್ಕೊಮ್ಮೆ ಪರದೆಯ ಮೇಲೆ ದರ್ಶನ.

ಹಾಗೆಂದು ಬೆಳೆದದ್ದೇ ತಪ್ಪೆ? ಅಲ್ಲ. ಸಂಬಳ ತಿಂಗಳ ಕೊನೆಗೆ ತಪ್ಪದೆ ಬರತೊಡಗಿತು. ತಂದೆತಾಯಿಗೂ ವಿಮೆ ಸಿಕ್ಕಿತು. ಹೆಣ್ಣುಮಕ್ಕಳಿಗೆ ರಾತ್ರಿ ಮನೆಬಾಗಿಲವರೆಗೆ ವಾಹನ ಬಂತು. ಯಾರಿಗೆ ಬಡ್ತಿ, ಏಕೆ ಬಡ್ತಿ ಎಂಬುದಕ್ಕೆ ಒಂದು ಕ್ರಮ ಬಂತು. ಐವತ್ತೆಂಟು ಜನರಿದ್ದಾಗ ಒಡೆಯನಿಗೆ ಬೇಕಾದವರಿಗೆ ಒಂದು ನ್ಯಾಯ, ಉಳಿದವರಿಗೆ ಇನ್ನೊಂದು ಇದ್ದದ್ದೂ ನಿಜವೇ.

1999ರಲ್ಲಿ ಹಳಬರಿಗೆಲ್ಲ ಒಂದೊಂದು ಕಾಗದ ಕೊಟ್ಟರು. ಷೇರಿನ ಆಯ್ಕೆಯ ಹಕ್ಕು ಎಂದರು. ಅಂದರೆ ಇಂದು ಗೊತ್ತುಪಡಿಸಿದ ಬೆಲೆಗೆ ಮುಂದೊಂದು ದಿನ ಷೇರು ಕೊಳ್ಳುವ ಹಕ್ಕು. ನಾಲ್ಕು ವರ್ಷ ಇದ್ದವರಿಗೆ ಮಾತ್ರ ಪೂರ್ತಿ ಸಿಗುತ್ತದೆ. ಷೇರಿನ ಬೆಲೆ ಏರಿದರೆ ಲಾಭ, ಇಳಿದರೆ ಆ ಕಾಗದ ಕಾಗದವೇ. ಅರ್ಥವಾಗದೆ ಊರಿಗೆ ಹೋಗಿ ಅಪ್ಪನನ್ನು ಕೇಳಿದರು. ತೆಂಗಿನ ತೋಟದ ಮುದುಕ ಕೇಳಿದ್ದು ಒಂದೇ ಪ್ರಶ್ನೆ: ‘ಕೈಯಿಂದ ದುಡ್ಡು ಕೊಡಬೇಕೇನೋ ಈಗ?’ ಇಲ್ಲ ಎಂದಾಗ, ‘ಹಾಗಾದರೆ ಸಸಿ ನೆಟ್ಟೆ ಅನ್ಕೊ. ಆರೇಳು ವರ್ಷ ಅತ್ಲಾಗೆ ನೋಡಬೇಡ. ಬಂದರೆ ಕಾಯಿ, ಬರದಿದ್ದರೆ ಗರಿ’ ಎಂದರಂತೆ. ಅರ್ಥಶಾಸ್ತ್ರದ ಯಾವ ಪಂಡಿತರು ಇದಕ್ಕಿಂತ ಚೆನ್ನಾಗಿ ಹೇಳಿಯಾರು? ಮುಂದೆ ಅದರಿಂದಲೇ ಬನಶಂಕರಿ ಕಡೆ ನಿವೇಶನಕ್ಕೆ ಮುಂಗಡವಾಯಿತು. ಜತೆಯ ಗೆಳೆಯರೊಬ್ಬರು ಸಾಲ ಮಾಡಿ ಇನ್ನಷ್ಟು ಷೇರು ಕೊಂಡರು. 2001ರಲ್ಲಿ ಬೆಲೆ ಕುಸಿಯಿತು. ಷೇರು ಹೋದರೂ ಸಾಲ ಉಳಿಯಿತು.

ಗ್ರಂಥಾಲಯದ ನಾಲ್ಕು ತಿಂಗಳು

ಆವರಣದ ಹಿಂಬದಿಯಲ್ಲಿ ಒಂದು ಗ್ರಂಥಾಲಯವಿದೆ. ಒಳಗೆ ಹೋಗಿ ಮೂಲೆಯ ಮೇಜೊಂದರ ಮುಂದೆ ತಂದೆ ಕೂತರು. ಮಗಳಿಗೂ ಕೂರಲು ಹೇಳಿದರು. ಮನೆಯಲ್ಲಿ ಎಂದೂ ಆಡದ ಮಾತು ಅಲ್ಲಿ ಹೊರಬಂತು.

ಬೆಳೆಯುವ ಕಂಪೆನಿಯಲ್ಲಿ ಬಡ್ತಿ ಬೇಗ. ಮೂವತ್ತು ತುಂಬುವ ಮೊದಲೇ ಅವರು ಮ್ಯಾನೇಜರ್ ಆದರು. ಪ್ರೋಗ್ರಾಂ ಬರೆಯುವುದು ನಿಂತಿತು. ಸಭೆ, ವರದಿ, ಬರೆಯುವವರ ಮೇಲ್ವಿಚಾರಣೆ. ಮನೆಯವರಿಗೆ ಹೆಮ್ಮೆ, ನೆಂಟರಿಗೆ ಬೆರಗು. 2008ರ ಕೊನೆಗೆ ಅಮೆರಿಕದ ದೊಡ್ಡ ಬ್ಯಾಂಕುಗಳು ನೆಲಕಚ್ಚಿದವು. 2009ರಲ್ಲಿ ಇವರ ತಂಡದ ಕೆಲಸವೇ ರದ್ದಾಯಿತು. ಹತ್ತು ಜನರ ಹೆಸರಿದ್ದ ಪಟ್ಟಿಯೊಂದನ್ನು ಕೊಟ್ಟು, ಒಬ್ಬೊಬ್ಬರನ್ನೇ ಕರೆದು ಹೇಳಿ ಎಂದರು. ಅದರಲ್ಲಿ ಮೊದಲ ದಿನ ಜತೆಯಲ್ಲಿ ಕುರ್ಚಿ ಹೊತ್ತವರೂ ಒಬ್ಬರು.

‘ಅವನು ನನ್ನ ಮುಖ ನೋಡಿ, ನಿನ್ನ ತಪ್ಪಲ್ಲ ಬಿಡೋ ಅಂದ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.’

ಹತ್ತು ಜನ ಹೋದ ಮೇಲೆ ಅವರನ್ನು ನೋಡಿಕೊಳ್ಳುವ ಮ್ಯಾನೇಜರಿಗೆ ಏನು ಕೆಲಸ? ಇವರನ್ನು ‘ಬೆಂಚಿ’ನ ಮೇಲೆ ಕೂರಿಸಿದರು. ಸಂಬಳವಿದೆ, ಕೆಲಸವಿಲ್ಲ ಎಂಬ ಸ್ಥಿತಿಗೆ ಈ ಉದ್ಯಮದಲ್ಲಿರುವ ಹೆಸರು ಅದು. ಬೆಳಿಗ್ಗೆ ಎಂದಿನಂತೆ ಇಸ್ತ್ರಿ ಅಂಗಿ ತೊಟ್ಟು, ಬುತ್ತಿ ಹಿಡಿದು ಹೊರಟು, ಈ ಮೇಜಿನಲ್ಲಿ ಕೂತು ಸಂಜೆ ಎಂದಿನಂತೆ ಮನೆ ಸೇರುವುದು. ಹೀಗೆ ನಾಲ್ಕು ತಿಂಗಳು. ಮಗಳು ಆಗ ಐದು ವರ್ಷದವಳು. ‘ನೀವು ದಿನಾ ಸಂಜೆ ಬೇಗ ಬರ್ತಿದ್ರಲ್ಲ, ನನ್ನನ್ನ ಆಟದ ಮೈದಾನಕ್ಕೆ ಕರ್ಕೊಂಡು ಹೋಗ್ತಿದ್ರಲ್ಲ, ಆಗಲಾ?’ ಎಂದಳು. ಆಗಲೇ. ಅವಳ ನೆನಪಿನಲ್ಲಿ ಅದೇ ಅತ್ಯಂತ ಸುಖದ ಕಾಲವಾಗಿತ್ತು.

‘ಅಮ್ಮನಿಗೆ ಗೊತ್ತಿತ್ತಾ?’

‘ಎರಡನೇ ವಾರವೇ ಗೊತ್ತಾಯಿತು. ಬುತ್ತಿ ಪೂರ್ತಿ ಹಾಗೇ ವಾಪಸು ಬರುತ್ತಿತ್ತು. ಅವಳು ಏನೂ ಕೇಳಲಿಲ್ಲ. ತಿಂಗಳ ಚೀಟಿ ಕಟ್ಟುವುದು ನಿಲ್ಲಿಸಿ ಬ್ಯಾಂಕಿನಲ್ಲಿ ಇಡಲು ಶುರು ಮಾಡಿದಳು, ಅಷ್ಟೆ.’

ಕೊನೆಗೆ ದಾರಿ ತೋರಿಸಿದ್ದು ಇಪ್ಪತ್ತನಾಲ್ಕು ವರ್ಷದ ಹುಡುಗಿಯೊಬ್ಬಳು. ಹೊಸ ಕೆಲಸವೊಂದಕ್ಕೆ ಪ್ರೋಗ್ರಾಂ ಬರೆಯುವವರು ಬೇಕಾಗಿದ್ದರು. ಇವರಿಗೆ ಬರುತ್ತಿದ್ದ ಭಾಷೆಗಳು ಹಳತಾಗಿದ್ದವು. ಮೂವತ್ತೈದನೆಯ ವಯಸ್ಸಿನಲ್ಲಿ, ತನ್ನ ಕೈಕೆಳಗೆ ಇರಬೇಕಾದವಳ ಪಕ್ಕ ಕುರ್ಚಿ ಹಾಕಿಕೊಂಡು ಮತ್ತೆ ಒಂದನೆಯ ಪಾಠದಿಂದ ಕಲಿತರು. ಮ್ಯಾನೇಜರ್ ಎಂಬ ಹೆಸರು ಹೋಯಿತು. ಅಂದಿನಿಂದ ಇಂದಿನವರೆಗೆ ದಿನಕ್ಕೆ ಒಂದು ಗಂಟೆಯಾದರೂ ಸ್ವಂತ ಕೈಯಿಂದ ಬರೆಯದೆ ಅವರು ಮನೆಗೆ ಹೊರಡುವುದಿಲ್ಲ.

‘ನಿಮ್ಮಮ್ಮ ದೊಡ್ಡ ಕಂಪೆನಿ ಅನ್ನೋದು ಸುಮ್ಮನೆ ಅಲ್ಲ’ ಎಂದರು ತಂದೆ. ‘ಅಷ್ಟು ಹೊತ್ತಿಗೆ ಕಂಪೆನಿ ದೊಡ್ಡದಾಗಿತ್ತು, ಅದಕ್ಕೇ ನಾಲ್ಕು ತಿಂಗಳು ಕೂರಿಸಿ ಸಂಬಳ ಕೊಟ್ಟಿತು. ಐವತ್ತೆಂಟು ಜನರ ಕಂಪೆನಿ ಆಗಿದ್ದರೆ ನಾಲ್ಕು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ. ಅವಳ ಲೆಕ್ಕ ತಪ್ಪಲ್ಲ. ನೀನು ಹೇಳುವ, ಚಿಕ್ಕ ಕಡೆ ಕಲಿಕೆ ಜಾಸ್ತಿ ಅನ್ನೋ ಲೆಕ್ಕವೂ ತಪ್ಪಲ್ಲ.’

ಮಗಳು ಬಹಳ ಹೊತ್ತು ಮಾತಾಡಲಿಲ್ಲ.

ದೊಡ್ಡತೋಗೂರಿನ ಊಟ

ಮಧ್ಯಾಹ್ನದ ಊಟ ದೊಡ್ಡತೋಗೂರಿನ ಒಂದು ಮೆಸ್ಸಿನಲ್ಲಿ. ಈಗ ಹಳ್ಳಿ ಎನ್ನುವುದಕ್ಕೆ ದೇವಸ್ಥಾನ ಮತ್ತು ಕೆಲವು ಹಳೆಯ ಜಗಲಿಗಳಷ್ಟೇ ಸಾಕ್ಷಿ. ಉಳಿದಂತೆ ಕಿಟಕಿಗೊಂದು ಒಣಹಾಕಿದ ಬಟ್ಟೆಯಿರುವ ಐದಾರು ಅಂತಸ್ತಿನ ಪಿ.ಜಿ.ಗಳ ಸಾಲು. ಒಡಿಶಾ, ಬಿಹಾರ, ಆಂಧ್ರ, ಕೇರಳ, ಕಲಬುರಗಿ, ಬೀದರ್ ಹೀಗೆ ಎಲ್ಲ ಕಡೆಯ ಹುಡುಗ ಹುಡುಗಿಯರು ಇಲ್ಲಿದ್ದಾರೆ. ಬೀದಿಯಲ್ಲಿ ಹತ್ತು ಹೆಜ್ಜೆಗೆ ಐದು ಭಾಷೆ ಕಿವಿಗೆ ಬೀಳುತ್ತದೆ.

‘ಬನ್ನಿ ಸಾರ್! ಮಗಳಾ? ಎಷ್ಟು ಬೆಳ್ದವ್ಳೆ!’ ಎಂದು ಮೆಸ್ಸಿನ ಒಡತಿ ಬರಮಾಡಿಕೊಂಡರು. ಅರವತ್ತರ ಹತ್ತಿರದ ಹೆಂಗಸು. ಇಪ್ಪತ್ತೈದು ವರ್ಷದಿಂದ ಪರಿಚಯ. ಮುದ್ದೆ, ಸೊಪ್ಪಿನ ಸಾರು ಬಡಿಸುತ್ತ ಅವರೂ ತಮ್ಮ ಲೆಕ್ಕ ಹೇಳಿದರು. ಅವರ ಮಾವನವರ ರಾಗಿ ಹೊಲ ಸಿಟಿಗೆ ಹೋಯಿತು. ಬಂದ ದುಡ್ಡು ಮೈದುನರ ಪಾಲಿಗೆ, ಮದುವೆಗೆ, ಮೋಟಾರು ಸೈಕಲ್ಲಿಗೆ ಕರಗಿತು. ಉಳಿದದ್ದು ಮನೆಯ ಹಿತ್ತಿಲು. ಅದರಲ್ಲೇ ಒಲೆ ಹೂಡಿ ಊಟ ಹಾಕತೊಡಗಿದರು. 2020ರ ಮಾರ್ಚಿನಲ್ಲಿ ಎಲ್ಲ ಹುಡುಗರೂ ಊರಿಗೆ ಹೋಗಿ ಮನೆಯಿಂದಲೇ ಕೆಲಸ ಮಾಡತೊಡಗಿದಾಗ ಮೆಸ್ಸು ಮುಚ್ಚಿತು. ಎರಡು ವರ್ಷ ಒಲೆ ಉರಿಯಲಿಲ್ಲ.

‘ಕಂಪ್ನಿ ಬೆಳೀತು ಬೆಳೀತು ಅಂತೀರಲ್ಲ ಸಾರ್, ನಮ್ಗೆ ಅದ್ರಲ್ಲಿ ಪಗಾರ ಇಲ್ಲ. ಆದ್ರೆ ನಿಮ್ಗೆ ನೆಗಡಿ ಆದ್ರೆ ನಮ್ಗೆ ಜ್ವರ’ ಎಂದರು ಆಕೆ. ಹಂಚಿಕೆಯಲ್ಲಿ ಹೆಸರಿಲ್ಲದ, ಹೊರೆಯಲ್ಲಿ ಪಾಲಿರುವ ಇಂಥವರು ಎಷ್ಟೋ ಜನ. ಆವರಣದೊಳಗೆ ಹುಲ್ಲು ಕತ್ತರಿಸುವವರು, ಶೌಚಾಲಯ ತೊಳೆಯುವವರು, ಕಾವಲು ಕಾಯುವವರಲ್ಲಿ ಹೆಚ್ಚಿನವರು ಗುತ್ತಿಗೆದಾರರ ಕಡೆಯವರು. ಅವರಿಗೆ ಬೆಂಚೂ ಇಲ್ಲ, ಷೇರೂ ಇಲ್ಲ.

ಕೇಳಬೇಕಾದ ಪ್ರಶ್ನೆಗಳು

ಊಟವಾದ ಮೇಲೆ ಮಗಳು ಎರಡೂ ಪತ್ರಗಳನ್ನು ಮೇಜಿನ ಮೇಲೆ ಹರಡಿದಳು. ಪತ್ರದಲ್ಲಿ ದಪ್ಪಕ್ಷರದಲ್ಲಿ ಕಾಣುವ ವಾರ್ಷಿಕ ಮೊತ್ತ ಕೈಗೆ ಬರುವ ಸಂಬಳವಲ್ಲ ಎಂಬುದನ್ನು ವಿದ್ಯಾರ್ಥಿಗಳು, ಹೆತ್ತವರು ಮೊದಲು ತಿಳಿಯಬೇಕು. ಅದು ಕಂಪೆನಿಗೆ ತಗಲುವ ಒಟ್ಟು ವೆಚ್ಚ. ಭವಿಷ್ಯನಿಧಿಗೆ ಕಂಪೆನಿ ಕಟ್ಟುವ ಪಾಲು, ಗ್ರಾಚ್ಯುಯಿಟಿ, ವಿಮೆಯ ಕಂತು, ಸಿಕ್ಕರೆ ಸಿಕ್ಕಿತೆನ್ನುವ ಬೋನಸ್ಸು ಎಲ್ಲವೂ ಅದರಲ್ಲಿ ಸೇರಿರುತ್ತದೆ. ನೌಕರನ ಪಾಲಿನ ಭವಿಷ್ಯನಿಧಿ, ಸಾಮಾನ್ಯವಾಗಿ ವೇತನದ ಶೇಕಡ 12, ಅದೂ ಮುರಿದೇ ಕೈಗೆ ಬರುತ್ತದೆ. ಗ್ರಾಚ್ಯುಯಿಟಿ ಎಂದರೆ ಪ್ರತಿ ವರ್ಷದ ಸೇವೆಗೆ ಹದಿನೈದು ದಿನದ ವೇತನ. ಆದರೆ ಕಾಯಂ ನೌಕರನಿಗೆ ಅದು ದಕ್ಕುವುದು ಸಾಮಾನ್ಯವಾಗಿ ಐದು ವರ್ಷ ತುಂಬಿದ ಮೇಲೆ. ಎರಡು ವರ್ಷಕ್ಕೆ ಬಿಡುವವನಿಗೆ ಆ ಸಾಲು ಪತ್ರದ ಶೋಭೆಗೆ ಮಾತ್ರ.

ತಂದೆ ಹೇಳುತ್ತ ಹೋದರು, ಮಗಳು ಬರೆದುಕೊಂಡಳು. ಚಿಕ್ಕ ಕಂಪೆನಿಗೆ ಕೇಳಬೇಕಾದದ್ದು: ಈಗಿರುವ ಹಣದಲ್ಲಿ ಎಷ್ಟು ತಿಂಗಳ ಸಂಬಳ ಕೊಡಬಲ್ಲಿರಿ? ಹಣ ಕೊಡುವ ಗಿರಾಕಿಗಳು ಎಷ್ಟು ಜನ, ಒಬ್ಬನೋ ಹತ್ತೋ? ನನಗೆ ಕಲಿಸುವ ಹಿರಿಯರು ಯಾರು? ಷೇರಿನ ಹಕ್ಕು ಕೊಡುವುದಾದರೆ ಎಷ್ಟು ವರ್ಷಕ್ಕೆ, ಬಿಟ್ಟು ಹೋದರೆ ಏನು? ದೊಡ್ಡ ಕಂಪೆನಿಗೆ ಕೇಳಬೇಕಾದದ್ದು: ಸೇರುವ ದಿನಾಂಕ ಖಚಿತವೆ? ತರಬೇತಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೆ ಏನಾಗುತ್ತದೆ? ಇಷ್ಟು ವರ್ಷ ಬಿಡಕೂಡದೆಂಬ ಬಾಂಡ್ ಇದೆಯೆ? ಮೊದಲ ವರ್ಷ ಮಾಡುವ ಕೆಲಸ ಯಾವುದು?

‘ಇಷ್ಟೆಲ್ಲ ಕೇಳಿದರೆ ಕೆಲಸವೇ ಕೊಡದಿದ್ದರೆ?’ ಎಂದಳು ಮಗಳು.

‘ವಿನಯವಾಗಿ ಕೇಳಿದ್ದಕ್ಕೆ ಸಿಟ್ಟಾಗುವ ಕಡೆ ಇರಲೇಬಾರದು. ಅದೂ ಒಂದು ಉತ್ತರವೇ’ ಎಂದರು ತಂದೆ.

ಮತ್ತೊಂದು ಕುರ್ಚಿ

ನಾಲ್ಕು ಗಂಟೆಯ ಹೊತ್ತಿಗೆ ನಿಲ್ದಾಣದ ಕಡೆಗೆ ಹೊರಟವರು ಮತ್ತೆ ಹಳೆಯ ಕಟ್ಟಡದ ಮುಂದೆಯೇ ಬರಬೇಕಾಯಿತು. ಬೆಳಿಗ್ಗೆ ಮುಚ್ಚಿದ್ದ ಬಾಗಿಲು ಈಗ ತೆರೆದಿತ್ತು. ಮುಂದೆ ಒಂದು ಸಣ್ಣ ಟೆಂಪೊ. ಮೂವರು ಹುಡುಗರು, ಒಬ್ಬಳು ಹುಡುಗಿ ಬೆವರು ಸುರಿಸುತ್ತ ಕುರ್ಚಿ, ಮೇಜು ಇಳಿಸುತ್ತಿದ್ದರು. ಯಾವುದೋ ಹೊಸ ಕಂಪೆನಿ ಮೇಲಂತಸ್ತನ್ನು ಬಾಡಿಗೆಗೆ ಹಿಡಿದಿದೆ. ಫಲಕ ಇನ್ನೂ ಏರಿಲ್ಲ, ಗೋಡೆಗೆ ಒರಗಿದೆ.

ತಂದೆ ಹೆಚ್ಚು ಮಾತಾಡದೆ ಒಂದು ಕುರ್ಚಿ ಎತ್ತಿ ಹೆಗಲಿಗೆ ಹಾಕಿದರು. ‘ಬೇಡ ಅಂಕಲ್, ಬೇಡ’ ಎಂದು ಆ ಹುಡುಗಿ ಓಡಿ ಬಂದಳು. ‘ಮೆಟ್ಟಿಲ ತಿರುವಿನಲ್ಲಿ ಕಾಲು ಮುಂದೆ ಮಾಡಬೇಕಮ್ಮ, ಇಲ್ಲದಿದ್ದರೆ ಸಿಕ್ಕಿಕೊಳ್ಳುತ್ತೆ’ ಎಂದು ಹೇಳಿ ಮೇಲಿಟ್ಟು ಬಂದರು. ಐವತ್ತರ ಮೇಲಿನ ಮಂಡಿ ನೋವು ಮಾಡಿತು, ಮುಖ ಮಾತ್ರ ಅರಳಿತ್ತು.

ರೈಲಿನಲ್ಲಿ ಮಗಳು ಮನೆಗೆ ಫೋನು ಮಾಡಿದಳು. ಯಾವುದಕ್ಕೆ ಸೇರುತ್ತೇನೆ ಎಂದು ಹೇಳಲಿಲ್ಲ. ‘ಅಮ್ಮ, ನಾಳೆ ನಾನು, ನೀನು ಕೂತು ಲೆಕ್ಕ ಹಾಕೋಣ. ಚಿಕ್ಕ ಕಂಪೆನಿಯವರು ಒಂಬತ್ತು ತಿಂಗಳಿಗಿಂತ ಕಮ್ಮಿ ದುಡ್ಡಿದೆ ಅಂದರೆ ನಿನ್ನ ಮಾತೇ ಸರಿ. ಕಲಿಸುವವರು ಇದ್ದಾರೆ, ವರ್ಷಕ್ಕೆ ಸಾಕಾಗುವಷ್ಟು ದುಡ್ಡಿದೆ ಅಂದರೆ ನೀನು ಒಪ್ಪಬೇಕು. ಎಲ್ಲಿಗೆ ಸೇರಿದರೂ ಮೊದಲ ಆರು ತಿಂಗಳ ಸಂಬಳದಲ್ಲಿ ಅರ್ಧ ಬ್ಯಾಂಕಿನಲ್ಲಿ ಇಡ್ತೀನಿ. ನೀನು ಇಟ್ಟ ಹಾಗೆ’ ಎಂದಳು.

ಆ ಕಡೆ ಒಂದು ಕ್ಷಣ ಮೌನ. ಆಮೇಲೆ ತಾಯಿ ಕೇಳಿದ್ದು: ‘ಅಪ್ಪ ಗ್ರಂಥಾಲಯ ತೋರಿಸಿದರಾ?’

*ಹೋಗುವುದು ಹೇಗೆ?* ಬೆಂಗಳೂರಿನ ಮೆಜೆಸ್ಟಿಕ್‌ನಿಂದ ಎಲೆಕ್ಟ್ರಾನಿಕ್ ಸಿಟಿ ಸುಮಾರು 20 ಕಿಲೋಮೀಟರು. ಮೆಟ್ರೊ ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆಯವರೆಗೆ ಹೋಗಿ ಅಲ್ಲಿ ಹಳದಿ ಮಾರ್ಗ ಹಿಡಿದು ಎಲೆಕ್ಟ್ರಾನಿಕ್ ಸಿಟಿ ಅಥವಾ ಕೋನಪ್ಪನ ಅಗ್ರಹಾರ ನಿಲ್ದಾಣದಲ್ಲಿ ಇಳಿಯಬಹುದು. ಮೆಜೆಸ್ಟಿಕ್, ಕೆ.ಆರ್. ಮಾರುಕಟ್ಟೆಯಿಂದ ಬಿಎಂಟಿಸಿ ಬಸ್ಸುಗಳೂ ಇವೆ. ಕಂಪೆನಿಗಳ ಆವರಣದೊಳಗೆ ಹೋಗಲು ಮುಂಚಿತ ಅನುಮತಿ ಬೇಕು. ರಸ್ತೆಗಳು, ದೊಡ್ಡತೋಗೂರಿನ ಮುದ್ದೆಯ ಊಟ ಎಲ್ಲರಿಗೂ ಮುಕ್ತ.